ಮಲಗಿದವರನ್ನು ಎಬ್ಬಿಸದ ಮೇಷ್ಟ್ರು

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಕಟಿಂಗ್ ಶಾಪಿನ ಮೇಷ್ಟ್ರು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿ, ಮೂರು ಕನ್ನಡಿ, ಒಂದು ಬೆಂಚು ಹಿಡಿಸುವಷ್ಟು ಅಂಗಡಿ. ಕೂದಲು ಕತ್ತರಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಕೂತ ಗಿರಾಕಿಗೆ ಐದು ನಿಮಿಷದಲ್ಲಿ ನಿದ್ದೆ ತರಿಸುವ ಕೈ ಮಾತ್ರ ಎಲ್ಲರಿಗೂ ಬರುವುದಿಲ್ಲ, ಅದು ಮೇಷ್ಟ್ರಿಗಿತ್ತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಕಣ್ಣಿನ ಮೇಲೆ ಹಾಕಿ, ಕತ್ತಿನ ಹಿಂಬದಿಯನ್ನು ಎರಡು ಹೆಬ್ಬೆರಳಿನಿಂದ ಒತ್ತಿದರೆಂದರೆ ಮುಗಿಯಿತು, ಎಂಥ ಜಗಳಗಂಟನೂ ಬಾಯಿ ತೆರೆದು ಗೊರಕೆ ಹೊಡೆಯಬೇಕು. ಹಾಗೆ ಮಲಗಿದವರನ್ನು ಮೇಷ್ಟ್ರು ಎಬ್ಬಿಸುತ್ತಿರಲಿಲ್ಲ. ಬೆಂಚಿನ ಮೇಲೆ ಕಾದವರು ಗೊಣಗಿದರೆ ತುಟಿಯ ಮೇಲೆ ಬೆರಳಿಟ್ಟು, “ಶ್! ಎಬ್ಬಿಸಿದ್ರೆ ನನ್ನ ಕೈಗೇ ಅವಮಾನ” ಎನ್ನುತ್ತಿದ್ದರು. ಕಾದವರು ಮುಸಿಮುಸಿ ನಕ್ಕು ಹಳೆಯ ಪೇಪರನ್ನೇ ಮತ್ತೊಮ್ಮೆ ತಿರುವಿಹಾಕುತ್ತಿದ್ದರು.

ಹದಿನಾರನೇ ವಯಸ್ಸಿಗೆ ಕತ್ತರಿ ಹಿಡಿದು ನಿಂತವರು ನಲವತ್ತೆಂಟು ದಾಟಿದರೂ ನಿಂತೇ ಇದ್ದರು. ಮೀನಖಂಡದ ನರಗಳು ಉಬ್ಬಿ ಗಂಟುಗಂಟಾಗಿದ್ದವು. ಸದಾ ಕೈ ಎತ್ತಿ ಹಿಡಿದು ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಮೇಲಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟಿತ್ತು. “ನಿಮ್ಮ ಅಂಗಿಯನ್ನ ಯಾವ ಕಡೆಯಿಂದ ಇಸ್ತ್ರಿ ಮಾಡಿದ್ರೂ ಸೊಟ್ಟ” ಎಂದು ಹೆಂಡತಿ ಹಂಗಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಮಾರ್ಕೆಟ್ಟಿನ ಪಕ್ಕದ ಸಮುದಾಯ ಭವನದಲ್ಲಿ ಹತ್ತು ದಿನದ ಯೋಗ ಶಿಬಿರ ನಡೆಯಿತು. ಹೆಂಡತಿಯ ಬಾಯಿ ಮುಚ್ಚಿಸಲಿಕ್ಕೆಂದು ಹೋದರು. ಹತ್ತನೇ ದಿನ ಬೆಳಿಗ್ಗೆ ಅಯ್ಯೋ ಅಮ್ಮಾ ಎನ್ನದೆ ಬಗ್ಗಿ ಷೂ ಲೇಸು ಕಟ್ಟಿಕೊಂಡು, ಯಾರಾದರೂ ನೋಡಿದರಾ ಎಂದು ಸುತ್ತ ಕಣ್ಣಾಡಿಸಿದರು.

ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ಟವೆಲ್ಲು ಬಿಸಿಯಾಗುವವರೆಗೆ ಒಂಟಿ ಕಾಲಿನಲ್ಲಿ ವೃಕ್ಷಾಸನ. ಗಿರಾಕಿ ಎದ್ದು ಇನ್ನೊಬ್ಬ ಕೂರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ಎದೆ ಹಿಗ್ಗಿಸುವುದು. ಗದ್ದದ ಕೆಳಗೆ ಬ್ಲೇಡು ಇಡುವ ಮುಂಚೆ “ಉಸಿರು ತಗೊಳ್ಳಿ, ನಿಧಾನಕ್ಕೆ ಬಿಡಿ” ಎನ್ನುವುದು. ಆ ಉಸಿರು ಹೊರಗೆ ಹೋಗುವಷ್ಟರಲ್ಲಿ ಗಂಟಲಿನ ಕೂದಲು ಸಾಫ್. ಪ್ರತಿ ಭಾನುವಾರ ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಯೋಗ ಕಲಿಸುವ ಒಬ್ಬರು ಅಮ್ಮನ ಹತ್ತಿರ ಎರಡು ವರ್ಷ ಕಲಿತರು. ಅವರು ಕೊಟ್ಟ ಪ್ರಮಾಣಪತ್ರ ಎರಡು ಕನ್ನಡಿಗಳ ನಡುವೆ ಚೌಕಟ್ಟು ಹಾಕಿಸಿಕೊಂಡು ಕೂತಿತು. ಆಮೇಲೆ ಭವನದ ಕೀಲಿ ಕೇಳಿ ಪಡೆದು, ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆಯ ತರಗತಿ ಶುರುಮಾಡಿದರು. ಆರು ಗಂಟೆಗೆ ಜಮಖಾನ ಹಾಸಿದರೆ ಏಳಕ್ಕೆ ಕಾಲು ಗಂಟೆ ಇರುವಾಗ ಸುತ್ತಿಡುವುದು. ಅವರವರ ಅಂಗಡಿ, ಆಫೀಸು, ಅಡುಗೆಮನೆ ಯಾವುದಕ್ಕೂ ತಡವಾಗಬಾರದು ಎಂಬುದು ಮೇಷ್ಟ್ರ ಲೆಕ್ಕ.

ಹಾಗೆ ನೋಡಿದರೆ ಅದಕ್ಕೂ ಮುಂಚೆ ಅವರನ್ನು ಯಾರೂ ಮೇಷ್ಟ್ರು ಎಂದಿರಲಿಲ್ಲ. ಮೂವತ್ತು ವರ್ಷ “ಏ ಕಟಿಂಗ್” ಎಂದು ಕರೆಸಿಕೊಂಡ ಕಿವಿಗೆ, ಔಷಧಿ ಅಂಗಡಿಯ ಮಾಲೀಕರು ರಸ್ತೆಯ ಆ ಕಡೆಯಿಂದ “ಮೇಷ್ಟ್ರೇ, ಸೊಂಟ ಈಗ ಪರವಾಗಿಲ್ಲ” ಎಂದು ಕೂಗಿದರೆ ಹೇಗಾಗಬೇಕು? ಆ ಪದವನ್ನು ಅವರು ಒಳಗೊಳಗೇ ಚಪ್ಪರಿಸುತ್ತಿದ್ದರು. ಅದರಲ್ಲೇನು ತಪ್ಪು ಅಂತ ನಾನಂತೂ ಹೇಳಲಾರೆ.

ತರಗತಿಯಲ್ಲಿ ಒಂಬತ್ತು ಜನ. ಅವರಲ್ಲಿ ಡ್ರೈವರಣ್ಣನ ಕಥೆಯೇ ಬೇರೆ. ಅವನು ಮೇಷ್ಟ್ರ ಹಳೆಯ ಗಿರಾಕಿ, ಹಳೆಯ ಸ್ನೇಹಿತ, ವಯಸ್ಸಿನಲ್ಲಿ ಹತ್ತು ವರ್ಷ ಹಿರಿಯ. ಮೂವತ್ತು ವರ್ಷ ದೂರದೂರಿನ ರಾತ್ರಿ ಬಸ್ಸು ಓಡಿಸಿ ನಿವೃತ್ತನಾದವನು. ನಿದ್ದೆ ಮಾಡಬಾರದೆಂದು ಮೂವತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ ಮನುಷ್ಯನಿಗೆ ಈಗ ಮಲಗು ಎಂದರೆ ನಿದ್ದೆ ಎಲ್ಲಿಂದ ಬರಬೇಕು? ಮಾತ್ರೆ ನುಂಗಿದ, ಹೆಂಡತಿಯ ಮೇಲೆ ರೇಗಿದ, ಗೋಡೆ ನೋಡಿಕೊಂಡು ಕೂತ. ಮೇಷ್ಟ್ರ ಕುರ್ಚಿಯಲ್ಲಿ ಕಣ್ಣು ಮುಚ್ಚದ ಏಕೈಕ ಗಿರಾಕಿ ಅವನೇ. “ಲೇ, ನಿನ್ನ ಕೈಗೆ ಬಗ್ಗೋ ಆಸಾಮಿ ಅಲ್ಲ ಕಣೋ ನಾನು” ಎಂದು ಕನ್ನಡಿಯೊಳಗಿಂದ ಕಣ್ಣು ಮಿಟುಕಿಸುತ್ತಿದ್ದ. ಮೇಷ್ಟ್ರು ನಗುತ್ತಿದ್ದರು, ಆದರೆ ಒಳಗೆ ಅದು ಚುಚ್ಚುತ್ತಿತ್ತು. ಕೈಹಿಡಿದು ಎಳೆದುಕೊಂಡು ಬಂದು ಅವನನ್ನು ಜಮಖಾನದ ಮೇಲೆ ಕೂರಿಸಿದ್ದು ಅದಕ್ಕೇ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಕೊನೆಗೆ ಎಲ್ಲರೂ ಶವಾಸನದಲ್ಲಿ ಮಲಗಿದಾಗ ಮೇಷ್ಟ್ರು ಅಂಗಡಿಯ ಅಭ್ಯಾಸದಂತೆ ಒಬ್ಬೊಬ್ಬರ ಕಣ್ಣಿನ ಮೇಲೂ ಒದ್ದೆ ಟವೆಲ್ಲು ಹಾಕುತ್ತ ಬರುತ್ತಿದ್ದರು. ಡ್ರೈವರಣ್ಣನ ಟವೆಲ್ಲಿನ ಕೆಳಗೆ ರೆಪ್ಪೆ ಪಟಪಟ ಅನ್ನುವುದು ಬೆರಳಿಗೆ ತಿಳಿಯುತ್ತಿತ್ತು. ಆಮೇಲೆ ಒಂದು ದಿನ ರೆಪ್ಪೆ ಅಲುಗಲಿಲ್ಲ. ಸಣ್ಣಗೆ ಗೊರಕೆ ಶುರುವಾಯಿತು. ಉಳಿದ ಎಂಟು ಜನ ಎದ್ದು ಕೂತು ಮುಖ ಮುಖ ನೋಡಿಕೊಂಡರು. ಮೇಷ್ಟ್ರ ಕಣ್ಣಲ್ಲಿ ನೀರು. ತುಟಿಯ ಮೇಲೆ ಬೆರಳಿಟ್ಟು ಬಾಗಿಲು ತೋರಿಸಿದರು. ಎಲ್ಲರೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕಳ್ಳರ ಹಾಗೆ ತುದಿಗಾಲಿನಲ್ಲಿ ಹೊರಗೆ ಬಂದರು. ಎಂಟು ಗಂಟೆಗೆ ಡ್ರೈವರಣ್ಣ ಭವನಕ್ಕೆ ಬೀಗ ಹಾಕಿ, ಕೀಲಿ ಕುಣಿಸುತ್ತ ಅಂಗಡಿಗೆ ನುಗ್ಗಿದ.

“ಲೇ ಮೇಷ್ಟ್ರೇ! ಒಂದು ಗಂಟೆ ಮಲಗಿದೀನಿ ಕಣೋ! ಕನಸು ಬಿತ್ತು ಕಣೋ ನಂಗೆ!”

“ಏನ್ ಕನಸಣ್ಣ?”

“ಬಸ್ಸು ಓಡಿಸ್ತಾ ಇದ್ದೆ.”

“ಥೂ, ಅದರಲ್ಲೂ ಡ್ಯೂಟಿನಾ!”

ಬೆಂಚಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅದು ತರಗತಿಯ ನಿಯಮವೇ ಆಯಿತು. ಡ್ರೈವರಣ್ಣ ಮಲಗಿದರೆ ಯಾರೂ ಎಬ್ಬಿಸಬಾರದು. ದೀಪ ಆರಿಸಿ, ಬಾಗಿಲು ಮುಂದೆಳೆದು, ಸದ್ದಿಲ್ಲದೆ ಹೊರಟುಹೋಗಬೇಕು. ಎದ್ದ ಮೇಲೆ ಅವನೇ ಕೀಲಿ ತಂದುಕೊಟ್ಟು ಮೇಷ್ಟ್ರ ಜೊತೆ ಒಂದು ಟೀ ಕುಡಿದು ಹೋಗುತ್ತಾನೆ. ಒಂದೂವರೆ ವರ್ಷ ಹೀಗೇ ನಡೆಯಿತು. ನಮ್ಮ ಮೇಷ್ಟ್ರು ಇದನ್ನು ಹೇಳಿಕೊಳ್ಳದ ಗಿರಾಕಿಯೇ ಇರಲಿಲ್ಲ.

ಆ ದಿನವೂ ಎಲ್ಲ ಎಂದಿನಂತೆಯೇ ಇತ್ತು. ಮೇಷ್ಟ್ರು ಟವೆಲ್ಲು ಹಾಕಿದರು, ಐದು ನಿಮಿಷ ಕಳೆಯಿತು, ಎಲ್ಲರೂ ಎದ್ದರು. ಡ್ರೈವರಣ್ಣ ಏಳಲಿಲ್ಲ. ಚಪ್ಪಲಿ ಕೈಗೆತ್ತಿಕೊಳ್ಳುವಾಗ ಅವನ ಗಂಟಲಿನಿಂದ ಸದ್ದು ಬಂತು. ಉದ್ದಕ್ಕೆ ಎಳೆದ, ಒರಟಾದ, ನಡುನಡುವೆ ತಡೆದು ಮತ್ತೆ ಎದ್ದುಬರುವ ಸದ್ದು. ಎಡಗೈ ಜಮಖಾನದ ಮೇಲೆ ಒಮ್ಮೆ ಸರಿದಾಡಿತು. ಬಟ್ಟೆ ಹೊಲಿಯುವ ಟೈಲರಮ್ಮ ಬಾಗಿಲಲ್ಲೇ ನಿಂತು ಪಿಸುಗುಟ್ಟಿದರು.

“ಮೇಷ್ಟ್ರೇ, ಇವತ್ತು ಗೊರಕೆ ಯಾಕೋ ಬೇರೆ ಥರ ಇದೆ ಅಲ್ವಾ?”

ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು. “ಹಳೇ ಡೀಸೆಲ್ ಗಾಡಿ ಅಮ್ಮಾ, ಸ್ಟಾರ್ಟ್ ಆಗೋಕೆ ಒದ್ದಾಡ್ತಾ ಇದೆ” ಎಂದು ತಮ್ಮ ಮಾತಿಗೆ ತಾವೇ ನಕ್ಕರು. ತಡೆದುಕೊಳ್ಳಲಾಗದೆ ಜೋರಾಗಿಯೇ ನಕ್ಕರು. ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ದೀಪ ಆರಿತು. ಬಾಗಿಲು ಮುಚ್ಚಿತು.

ಎಂಟಕ್ಕೆ ಕೀಲಿ ಬರಲಿಲ್ಲ. ಎಂಟೂವರೆಗೂ ಬರಲಿಲ್ಲ. ಮೇಷ್ಟ್ರಿಗೆ ಆತಂಕವಾಗಬೇಕಿತ್ತು ಎಂದು ನೀವು ಹೇಳಬಹುದು. ಆಗಲಿಲ್ಲ, ಹಿಗ್ಗಾಯಿತು. ಕುರ್ಚಿಯಲ್ಲಿದ್ದವರ ಗದ್ದಕ್ಕೆ ನೊರೆ ಹಚ್ಚುತ್ತ, “ನಮ್ಮ ಡ್ರೈವರಣ್ಣ ಇವತ್ತು ರೆಕಾರ್ಡು ಮುರೀತಾರೆ ನೋಡಿ, ಎರಡು ಗಂಟೆ ಆಗೋಕೆ ಬಂತು” ಎಂದರು. ಒಂಬತ್ತೂ ಕಾಲಿಗೆ ಭವನದ ಕಸ ಗುಡಿಸುವ ಹೆಂಗಸು ಪೊರಕೆಯ ಸಮೇತ ಓಡಿಬಂದಳು. ಅವಳ ಮುಖ ನೋಡಿದ ಕೂಡಲೇ ಮೇಷ್ಟ್ರು ನೊರೆಯ ಬ್ರಷ್ಷು ಹಿಡಿದೇ ಭವನದ ಕಡೆ ಓಡಿದರು.

ಡ್ರೈವರಣ್ಣ ಮಲಗಿದ್ದ ಕಡೆಯಿಂದ ಒಂದು ಮೊಳ ಸರಿದು ಬಿದ್ದಿದ್ದ. ಟವೆಲ್ಲು ಕತ್ತಿನ ಹತ್ತಿರ ಇತ್ತು. ಬಾಯಿ ಒಂದು ಕಡೆಗೆ ಜಗ್ಗಿ ಜೊಲ್ಲು ಹರಿದು ಜಮಖಾನ ಒದ್ದೆಯಾಗಿತ್ತು. ಬಲಗೈ, ಬಲಗಾಲು ಅವನವಲ್ಲ ಎಂಬಂತೆ ಬಿದ್ದಿದ್ದವು. ಕಣ್ಣು ತೆರೆದೇ ಇತ್ತು. ಮೊದಲು ಹತ್ತಿರದ ಕ್ಲಿನಿಕ್ಕು, ಅಲ್ಲಿಂದ ದೊಡ್ಡಾಸ್ಪತ್ರೆ. ಸೇರುವಾಗ ಹನ್ನೊಂದು ದಾಟಿತ್ತು.

“ಕೊನೇ ಸಲ ಇವರು ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ?” ಎಂದು ಡಾಕ್ಟರು ಕೇಳಿದರು.

“ಆರೂವರೆ ಇರಬೇಕು ಸಾರ್. ಆಮೇಲೆ ಮಲಗಿದ್ರು.”

“ಏನಾದ್ರೂ ಸದ್ದು, ಒದ್ದಾಟ, ಯಾರಾದ್ರೂ ಗಮನಿಸಿದ್ರಾ?”

ಟೈಲರಮ್ಮ ಪಕ್ಕದಲ್ಲೇ ನಿಂತಿದ್ದರು. ಮೇಷ್ಟ್ರು ಅವರ ಕಡೆ ನೋಡಲಿಲ್ಲ. “ಇಲ್ಲ ಸಾರ್. ಸದ್ದಿಲ್ಲದೆ ಮಲಗಿದ್ರು” ಎಂದರು. ಟೈಲರಮ್ಮ ನೆಲ ನೋಡುತ್ತ ನಿಂತರು. ಬೇಗ ತಂದಿದ್ದರೆ ಒಂದು ಇಂಜೆಕ್ಷನ್ ಕೊಡಬಹುದಿತ್ತು, ಈಗ ಅದರ ಹೊತ್ತು ಮೀರಿದೆ ಎಂದು ಡಾಕ್ಟರು ಬೇಸರವಿಲ್ಲದ ದನಿಯಲ್ಲಿ ಹೇಳಿ ಒಳಗೆ ಹೋದರು. ದಿನಕ್ಕೆ ಎಷ್ಟು ಜನಕ್ಕೆ ಹೇಳಿರುತ್ತಾರೋ.

ಡ್ರೈವರಣ್ಣ ಉಳಿದ. ಅರ್ಧ ಮೈ ಮತ್ತು ಪೂರ್ತಿ ಮಾತು ಹೋಯಿತು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: “ನಿದ್ದೇಲಿ ಆಗಿದೆ, ಅವರಿಗೆ ಗೊತ್ತೇ ಆಗಿರಲ್ಲ ಬಿಡಿ.” ಮೇಷ್ಟ್ರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಿದ್ದೆಯಲ್ಲಿ ಆಗಿದ್ದರೆ ಅದು ಗ್ರಹಚಾರ. ಯಾರ ಕೈಯಲ್ಲೂ ಇಲ್ಲದ್ದು. ಎಚ್ಚರದಲ್ಲಿ ಆಗಿದ್ದರೆ, ಟವೆಲ್ಲಿನ ಕೆಳಗೆ ಅವನು ಕಣ್ಣು ಬಿಟ್ಟುಕೊಂಡಿದ್ದರೆ, ಆಗ ಆ ನಗು ಅವನ ಕಿವಿಗೆ ಬಿದ್ದಿರಬೇಕು. ಇವೆರಡರ ನಡುವೆ ಮೇಷ್ಟ್ರ ಇಡೀ ಜೀವ ಸಿಕ್ಕಿಕೊಂಡಿತ್ತು.

ಮನೆಯಲ್ಲಿ ಹೆಂಡತಿ ಸಮಾಧಾನ ಹೇಳಲು ನೋಡಿದರು. “ಬೇಕು ಅಂತ ಮಾಡಿದ್ರಾ? ಇಲ್ಲ ತಾನೇ? ಊಟ ಮಾಡಿ.” ಮೇಷ್ಟ್ರು ತಟ್ಟೆಯ ಮುಂದೆ ಕೂತರು, ಬೆರಳಾಡಿಸಿದರು, ಎದ್ದರು. ಸದ್ದಿನ ವಿಷಯ ಹೆಂಡತಿಗೂ ಹೇಳಿರಲಿಲ್ಲ.

ತರಗತಿ ಒಂದು ವಾರದ ನಂತರ ಮತ್ತೆ ಶುರುವಾಯಿತು. ಆಗಬಾರದಿತ್ತು. ಶವಾಸನಕ್ಕೆ ಮಲಗಿ ಎಂದರೆ ಯಾರೂ ಕಣ್ಣು ಮುಚ್ಚುತ್ತಿರಲಿಲ್ಲ. ಟವೆಲ್ಲು ಬೇಡ ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಮಲಗಿದಷ್ಟು ಹೊತ್ತೂ ಕಾಲಿನ ಹೆಬ್ಬೆರಳು ಅಲ್ಲಾಡಿಸುತ್ತಿದ್ದರು, ತಾವು ಚೆನ್ನಾಗಿಯೇ ಇದ್ದೇವೆ ಎಂದು ತೋರಿಸಲಿಕ್ಕೆ. ಅಷ್ಟೂ ಹೆಬ್ಬೆರಳುಗಳನ್ನು ನೋಡುತ್ತ ಮೇಷ್ಟ್ರು ನಿಂತಿರುತ್ತಿದ್ದರು. ಟೈಲರಮ್ಮ ಬರುವುದು ನಿಲ್ಲಿಸಿದರು. ಔಷಧಿ ಅಂಗಡಿಯವರಿಗೆ ಬೆಳಗಿನ ಹೊತ್ತು ಕೆಲಸ ಬಂತು. ಮೂರು ಜನ ಉಳಿದಾಗ ಮೇಷ್ಟ್ರೇ ಕೀಲಿ ಹಿಂದಿರುಗಿಸಿದರು. ಬೀದಿಯಲ್ಲಿ ಅವರನ್ನು ಈಗಲೂ ಮೇಷ್ಟ್ರೇ ಎನ್ನುತ್ತಿದ್ದರು. ಕೇಳಿದಾಗಲೆಲ್ಲ ಮೈ ಮೇಲೆ ಚುರುಕ್ಕೆನ್ನುತ್ತಿತ್ತು. ಪ್ರಮಾಣಪತ್ರ ಇಳಿಸಿದರೆ ಜನ ಕೇಳುತ್ತಾರೆ ಎಂದು ಹೆದರಿ ಅಲ್ಲೇ ಬಿಟ್ಟರು. ಕುರ್ಚಿಯಲ್ಲಿ ಗಿರಾಕಿಗಳು ತೂಕಡಿಸಿದರೆ ಈಗ ಭುಜ ಅಲುಗಿಸಿ ಎಬ್ಬಿಸುತ್ತಿದ್ದರು. “ಏನಾಯ್ತು ಮೇಷ್ಟ್ರೇ, ಇಷ್ಟು ಅವಸರ?” ಎಂದು ಅವರು ಬೇಜಾರು ಮಾಡಿಕೊಂಡರೆ ಮೇಷ್ಟ್ರು ಟವೆಲ್ಲು ಕೊಡವಿ ಮುಂದಿನವರನ್ನು ಕರೆಯುತ್ತಿದ್ದರು. ತಾವು ಮಾತ್ರ ಮಾಡೋಣವೆಂದು ಮನೆಯ ಚಾಪೆಯ ಮೇಲೆ ಕೂತರೆ, ಕಣ್ಣು ಮುಚ್ಚಿದ ಕೂಡಲೇ ಆ ಸದ್ದು ಕೇಳಿಸುತ್ತಿತ್ತು. ಚಾಪೆ ಮೂಲೆ ಸೇರಿತು. ಭುಜ ಮತ್ತೆ ಮೇಲೇರಿತು.

ಉಳಿದದ್ದು ಒಂದೇ ಕೆಲಸ. ಮಾತು ಕಲಿಸುವ ತಜ್ಞರು ವಾರಕ್ಕೊಮ್ಮೆ ಬಂದು ಉಸಿರಿನ, ತುಟಿಯ ಕಸರತ್ತು ಹೇಳಿಕೊಟ್ಟು ಹೋಗುತ್ತಿದ್ದರು. ಅದನ್ನು ದಿನಾ ಮಾಡಿಸುವವರು ಬೇಕಿತ್ತು. “ನಾನು ಮಾಡಿಸ್ತೀನಿ ಅತ್ತಿಗೆ” ಎಂದು ಮೇಷ್ಟ್ರು ಮುಂದೆ ಬಂದರು. ಅತ್ತಿಗೆ, ಅಂದರೆ ಡ್ರೈವರಣ್ಣನ ಹೆಂಡತಿ, ಸೆರಗಿನಿಂದ ಕಣ್ಣೊರೆಸಿಕೊಂಡರು. “ನೀವಿಲ್ಲದಿದ್ರೆ ನಮ್ಮ ಗತಿ ಏನಾಗ್ತಿತ್ತು ಮೇಷ್ಟ್ರೇ.” ಈ ಮಾತಿಗಿಂತ ಅವರು ಕೆನ್ನೆಗೆ ಬಾರಿಸಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು.

ದಿನಾ ಸಾಯಂಕಾಲ ನಾಲ್ಕಕ್ಕೆ, ಅಂಗಡಿ ಖಾಲಿ ಇರುವ ಹೊತ್ತಿನಲ್ಲಿ ಹೋಗುತ್ತಿದ್ದರು. ಕಿಟಕಿಯ ಪಕ್ಕದ ಮಂಚ, ತಲೆದಿಂಬು ಮೂರು, ಕೈಗೆಟುಕುವಂತೆ ನೀರಿನ ಲೋಟ. ಎರಡು ದಿನಕ್ಕೊಮ್ಮೆ ಗಡ್ಡ ತೆಗೆಯುವುದು. ಬಲಗೆನ್ನೆ ಸಡಿಲವಾಗಿ ಬೆರಳಿಗೆ ಸಿಗುತ್ತಿರಲಿಲ್ಲ, ಎಳೆದು ಹಿಡಿಯಬೇಕಿತ್ತು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು. ಉದ್ದಕ್ಕೆ ಆ ಎನ್ನುವುದು. ಬಾಯಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುವ ಭ್ರಾಮರಿ. ಮೊದಲ ತಿಂಗಳು ಬರೀ ಗಾಳಿ ಬಂತು. ಎರಡನೇ ತಿಂಗಳು ಗಾಳಿಯ ಜೊತೆ ಸ್ವಲ್ಪ ದನಿ. ಒಂದೊಂದು ಉಸಿರಿಗೆ ಒಂದೊಂದು ಅಕ್ಷರವನ್ನು ಮೇಷ್ಟ್ರು ಅವನ ಗಂಟಲಿನಿಂದ ಎತ್ತಿ ತರುತ್ತಿದ್ದರು. ಯಾವ ಮೇಷ್ಟ್ರೂ ಯಾವ ಶಿಷ್ಯನಿಗೂ ಅಷ್ಟು ಶ್ರದ್ಧೆಯಿಂದ ಕಲಿಸಿರಲಾರರು.

ಕೇಳಬಾರದು ಅಂದುಕೊಂಡೇ ಆಗಾಗ ಕೇಳಿಬಿಡುತ್ತಿದ್ದರು. “ಅಣ್ಣ, ಆವತ್ತು ನಿಮಗೆ ಚೆನ್ನಾಗಿ ನಿದ್ದೆ ಬಂದಿತ್ತಲ್ವಾ?” ತಲೆ ಆಡಿಸಿದರೆ ಸಾಕಿತ್ತು, ಡ್ರೈವರಣ್ಣನಿಗೆ ಅಷ್ಟು ಆಗುತ್ತಿತ್ತು. ಹಸಿವಾ ಎಂದರೆ ಆಡಿಸುತ್ತಿದ್ದ, ನೀರಾ ಎಂದರೆ ಆಡಿಸುತ್ತಿದ್ದ. ಈ ಪ್ರಶ್ನೆಗೆ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ. ಸುಸ್ತಾಗಿರಬೇಕು ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡು ಟವೆಲ್ಲು ಮಡಿಸಿ ಹೊರಡುತ್ತಿದ್ದರು.

ಏಳನೇ ತಿಂಗಳು. ಅಷ್ಟು ಹೊತ್ತಿಗೆ ನೀರು, ಬೇಡ, ಸಾಕು ಎಂಬ ಬಿಡಿ ಪದಗಳು ಬಂದಿದ್ದವು. ಇನ್ನು ಎರಡು ಪದ ಜೋಡಿಸಬೇಕು ಎಂದು ತಜ್ಞರು ಹೇಳಿ ಹೋಗಿದ್ದರು. ಮೇಷ್ಟ್ರು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

“ಅಣ್ಣ, ಇವತ್ತು ನಿಮಗೆ ಏನು ಬೇಕೋ ಅದು ಹೇಳಿ. ನಾನು ಹೇಳಿಕೊಡಲ್ಲ. ಉಸಿರು ತಗೊಳ್ಳಿ.”

ಡ್ರೈವರಣ್ಣ ಉಸಿರು ತೆಗೆದುಕೊಂಡ. ಎಡಗೈಯಿಂದ ಮೇಷ್ಟ್ರ ಮಣಿಕಟ್ಟು ಹಿಡಿದ. ಮೇಷ್ಟ್ರು ಉತ್ಸಾಹದಿಂದ ಮುಂದೆ ಬಾಗಿದರು.

“ಕ... ರೆ... ದೆ.”

“ಆಹಾ! ಕರೆದೆ! ಯಾರನ್ನಣ್ಣ? ಇನ್ನೊಂದು ಉಸಿರು ತಗೊಳ್ಳಿ, ನಿಧಾನ.”

ಅವನು ನಿಧಾನವಾಗಿಯೇ ತೆಗೆದುಕೊಂಡ, ಹೇಳಿಕೊಟ್ಟ ಹಾಗೆ ಹೊಟ್ಟೆ ತುಂಬ. ಕಣ್ಣು ಮೇಷ್ಟ್ರ ಮುಖದಿಂದ ಕದಲಲಿಲ್ಲ.

“ನೀ... ನು. ನ... ಕ್ಕೆ.”

ಮೇಷ್ಟ್ರಿಗೆ ಮಣಿಕಟ್ಟು ಬಿಡಿಸಿಕೊಳ್ಳಬೇಕೆನಿಸಿತು, ಬಿಡಿಸಿಕೊಳ್ಳಲಿಲ್ಲ. ಏಳು ತಿಂಗಳಿನಿಂದ ಅವನಿಗೆ ಗೊತ್ತಿತ್ತು. ಗಡ್ಡ ತೆಗೆಸಿಕೊಳ್ಳುವಾಗ ಗೊತ್ತಿತ್ತು, ಆ ಎನ್ನುವಾಗ ಗೊತ್ತಿತ್ತು, ಕಿಟಕಿಯ ಕಡೆ ತಿರುಗುವಾಗ ಗೊತ್ತಿತ್ತು. ಹೇಳಲಿಕ್ಕೆ ಬೇಕಾದ ಉಸಿರು ಮಾತ್ರ ಇರಲಿಲ್ಲ. ಅದನ್ನು ಇವರೇ ತಂದುಕೊಟ್ಟರು.

ಅಡುಗೆಮನೆಯಿಂದ ಅತ್ತಿಗೆ ಒದ್ದೆ ಕೈಯಲ್ಲೇ ಓಡಿಬಂದರು. “ಇವರ ದನಿ ಅಲ್ವಾ ಅದು? ಮಾತಾಡಿದ್ರಾ? ಪೂರ್ತಿ ಮಾತಾಡಿದ್ರಾ? ಏನಂದ್ರು ಮೇಷ್ಟ್ರೇ?”

ಮೇಷ್ಟ್ರು ಬಾಯಿ ತೆರೆದರು. ಹೇಳಬೇಕೆಂದೇ ತೆರೆದರು ಎಂದು ನಾನು ನಂಬುತ್ತೇನೆ. ಏನೂ ಹೊರಡಲಿಲ್ಲ. ಡ್ರೈವರಣ್ಣ ಇನ್ನೊಂದು ಉಸಿರು ಎಳೆದುಕೊಂಡ.

“ನಾ... ಳೆ. ಬಾ. ಇ... ನ್ನೂ... ಇದೆ.”

ಅತ್ತಿಗೆ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತರು. ಎಷ್ಟೋ ತಿಂಗಳ ನಂತರದ ಸಂತೋಷದ ಅಳು. “ನೋಡಿದ್ರಾ ಮೇಷ್ಟ್ರೇ? ಮಾತು ಬಂದ ಕೂಡಲೇ ನಿಮ್ಮನ್ನೇ ಕರೀತಿದಾರೆ. ನನ್ನನ್ನಲ್ಲ, ನಿಮ್ಮನ್ನ! ನಾಳೆ ತಪ್ಪಿಸಬೇಡಿ ಮತ್ತೆ.”

“ಇಲ್ಲ ಅತ್ತಿಗೆ, ಬರ್ತೀನಿ” ಎಂದರು ಮೇಷ್ಟ್ರು.

ಮರುದಿನ ನಾಲ್ಕಕ್ಕೆ ಅಂಗಡಿಯ ಬಾಗಿಲೆಳೆದು ಹೊರಟರು. ಎರಡು ಸಲ ದಾರಿಯಲ್ಲಿ ನಿಂತರು, ಹಿಂದಕ್ಕೆ ತಿರುಗಲಿಲ್ಲ. ಅತ್ತಿಗೆ ಅವನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿ, ದಿಂಬಿಗೆ ಒರಗಿಸಿ ಕೂರಿಸಿದ್ದರು. ತಾವೂ ಕೇಳಬೇಕೆಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ಅವನ ಹೊಟ್ಟೆಯ ಮೇಲೆ ಕೈಯಿಟ್ಟರು.

“ಉಸಿರು ತಗೊಳ್ಳಿ ಅಣ್ಣ” ಎಂದರು. “ಈಗ ಬಿಡ್ತಾ ಹೇಳಿ.”